ಪದಚರ್ಚೆ: ‘ಪಲ್ಪ್’ಗೆ ಏನೆನ್ನೋಣ? ತಿರುಳೋ, ಮುದ್ದೆಯೋ, ಲಗದಾನೋ (ನಾಳೆ ಸಂಜೆಯೊಳಗೆ ಬೇಕು)

ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ಮರದಿಂದ ಕಾರ್ಖಾನೆಯಲ್ಲಿ ಕಾಗದ ಹೇಗಾಗುತ್ತದೆ ಎಂದು ತೋರಿಸುವ ಒಂಬತ್ತು ಫಲಕಗಳು ಇಲ್ಲಿಯ ಕನ್ನಡ ಮಾಧ್ಯಮ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಬೇಕಾಗಿವೆ. ಮರಾಠಿಯವು ಆಗಲೇ ಅಚ್ಚಾಗಿವೆ, ಕನ್ನಡದವು ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಮರಾಠಿಯವರು ಕಾಗದದ ಮೂಲವಸ್ತುವಾದ ಪಲ್ಪ್‌ಗೆ ಸಲೀಸಾಗಿ ‘ಲಗದಾ’ ಎಂದಿದ್ದಾರೆ. ನಮ್ಮ ಕರಡಿನಲ್ಲಿ ‘ಮರದ ತಿರುಳು’ ಎಂದಿದೆ. ಬ್ಲ್ಯಾಕ್ ಲಿಕರ್ (ಮರ ಬೇಯಿಸಿದ ಮೇಲೆ ಉಳಿಯುವ ದ್ರವ) ‘ಕಪ್ಪು ಮದ್ಯ’ವಾಗಿದೆ, ಸೈಜಿಂಗ್ (ಕಾಗದದಲ್ಲಿ ಮಸಿ ಹರಡದಂತೆ ಮಾಡುವುದು) ‘ಅಳತೆಗೆ ತರುವುದು’, ವೈರ್ (ಪಲ್ಪ್ ಹರಿದು ನೀರು ಇಳಿಯುವ ನೇಯ್ಗೆ) ‘ತಂತಿ’, ಡೈಜೆಸ್ಟರ್ (ಮರ ಬೇಯಿಸುವ ಪಾತ್ರೆ) ‘ಜೀರ್ಣಕ’, ಕ್ರಾಫ್ಟ್ ವಿಧಾನ (ಮರವನ್ನು ಕ್ಷಾರದಲ್ಲಿ ಬೇಯಿಸುವ ಬಗೆ) ‘ಕರಕುಶಲ ವಿಧಾನ’. ನನಗೆ ಒಂದೂ ಹಿಡಿಸಿಲ್ಲ. ತಿಳಿದವರು ತಿದ್ದಿಕೊಡಿ. ಪಲ್ಪ್ ಒಂಬತ್ತರಲ್ಲಿ ಏಳು ಫಲಕಗಳಲ್ಲಿ ಬರುವುದರಿಂದ ಅದು ಮೊದಲು ಬೇಕು.

ಮಾಟುಂಗದಿಂದ

‘ತಿರುಳು’ ಸರಿಯಾಗಿದೆ. ವಿಜ್ಞಾನದ ಬರಹಗಳಲ್ಲಿ ನೆಲೆನಿಂತ ಪದ. ಹಣ್ಣಿನ ಪಲ್ಪ್ ತಿರುಳಾದರೆ ಮರದ್ದೂ ತಿರುಳೇ. ಮಕ್ಕಳು ಓದಿ ಬಲ್ಲ ಪದವನ್ನು ಕದಲಿಸಬೇಡಿ.

ಪುಣೆ, ಕೋಥ್ರೂಡಿನಿಂದ

ತಿರುಳು ಬ್ಯಾಡ್ರಿ ಅಕ್ಕಾರ. ಹಣ್ಣಿನ ತಿರುಳು ಸಿಪ್ಪಿ ಬಿಡಿಸಿದ್ರ ಒಳಗ ಸಿಗ್ತದ, ಮೊದಲಽ ಅಲ್ಲೇ ಇರ್ತದ. ಮರದೊಳಗ ಪಲ್ಪ್ ಇರೂದಿಲ್ಲ, ಅದನ್ನ ಮಾಡಬೇಕು. ‘ಮರದ ತಿರುಳು’ ಅಂತ ಓದಿದ ಹುಡುಗ ಒಂದಽ ಚೇಗು (ಮರದ ಒಳಗಿನ ಗಟ್ಟಿ ಭಾಗ) ಅಂತ ತಿಳೀತಾನ, ಇಲ್ಲಾ ನಡುವಿನ ಬೆಂಡು ಅಂತ ತಿಳೀತಾನ. ಎರಡೂ ತಪ್ಪು. ಚೇಗಿನ್ಯಾಗ ರಾಳ, ಬಣ್ಣ ಹೆಚ್ಚು, ಕ್ಷಾರ ಒಳಗ ಇಳಿಯೂದು ತಡ. ಗಿರಣಿಯವರು ಅದನ್ನ ಹುಡುಕಿಕೊಂಡು ಹೋಗೂದಿಲ್ಲ. ತಿಳೀಲಾರದ ಪದಕ್ಕಿಂತ ತಪ್ಪು ತಿಳಿಸೋ ಪದ ಕೆಟ್ಟದ್ದು.

ಮದ್ಯ, ಕರಕುಶಲ ಎರಡನ್ನೂ ಇವತ್ತಽ ತೆಗೀರಿ. ಕ್ರಾಫ್ಟ್ ಜರ್ಮನ್ ಪದ, ಅರ್ಥ ‘ಬಲ’. ಈ ವಿಧಾನದ ಕಾಗದ ಹರಿಯೂದು ಕಷ್ಟ, ಅದಕ್ಕ ಆ ಹೆಸರು. ಸಿಮೆಂಟ್ ಚೀಲದ ಕಂದು ಕಾಗದ ಅದಽ. ಕಾರ್ಲ್ ದಾಲ್ ಅಂಬಾಂವ 1884ರಾಗ ಪೇಟೆಂಟ್ ತಗೊಂಡ. ಕೈಕಸಬಿಗೂ ಇದಕ್ಕೂ ಸಂಬಂಧ ಇಲ್ಲ.

ವಾಶಿಯಿಂದ

‘ಕಲ್ಕ’ ಎಂಬ ಒಳ್ಳೆಯ ಪದ ಕೈಯಲ್ಲೇ ಇದೆ. ಆಯುರ್ವೇದದಲ್ಲಿ ಅರೆದ ಮುದ್ದೆಗೆ ಕಲ್ಕ ಎನ್ನುತ್ತಾರೆ. ‘ಕಾಷ್ಠಕಲ್ಕ’ ಎಂದು ಬರೆಯಿರಿ. ಮರಾಠಿ, ಹಿಂದಿಯವರಿಗೂ ಅರ್ಥವಾಗುತ್ತದೆ.

ಮಡಗಾಂವ್‌ನಿಂದ

ಕಲ್ಕ ಅರೆದದ್ದು. ಮರವನ್ನು ಅರೆದೂ ಪಲ್ಪ್ ಮಾಡುತ್ತಾರೆ, ಬೇಯಿಸಿಯೂ ಮಾಡುತ್ತಾರೆ. ಈ ಫಲಕಗಳು ಹೇಳುತ್ತಿರುವುದು ಬೇಯಿಸುವ ಬಗೆ. ಅರೆದಾಗ ಮರದ ತೂಕದಲ್ಲಿ 90–95% ಪಲ್ಪ್ ಆಗಿ ಕೈಗೆ ಬರುತ್ತದೆ. ಆದರೆ ನಾರುಗಳು ತುಂಡಾಗಿರುತ್ತವೆ, ಮರದಲ್ಲಿ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಪೂರ್ತಿ ಉಳಿದಿರುತ್ತದೆ. ವೃತ್ತಪತ್ರಿಕೆಯನ್ನು ಬಿಸಿಲಿಗಿಟ್ಟರೆ ಹಳದಿಯಾಗುವುದು ಈ ಲಿಗ್ನಿನ್‌ನಿಂದಲೇ. ಬೇಯಿಸಿದ ಪಲ್ಪ್ ಬೇರೆಯೇ ಮಾಲು. ಅದಕ್ಕೆ ‘ಅರೆದದ್ದು’ ಎಂಬ ಹೆಸರಿಟ್ಟರೆ ವಿಧಾನವೇ ಸುಳ್ಳಾಗುತ್ತದೆ.

ಪದ ಆರಿಸುವ ಮೊದಲು ಕೆಲಸ ನೋಡಿ. ದಿಮ್ಮಿಯ ತೊಗಟೆ ಸುಲಿಯುತ್ತಾರೆ, ಯಾಕೆಂದರೆ ಉಳಿದ ತೊಗಟೆಯ ಚೂರು ಕೊನೆಗೆ ಕಾಗದದಲ್ಲಿ ಕಪ್ಪು ಚುಕ್ಕೆಯಾಗಿ ಏಳುತ್ತದೆ. ಆಮೇಲೆ ಚಿಪ್ಪರ್‌ನಲ್ಲಿ ಸುಮಾರು 20–25 ಮಿ.ಮೀ. ಉದ್ದ, 3–5 ಮಿ.ಮೀ. ದಪ್ಪದ ಚಕ್ಕೆ ಮಾಡುತ್ತಾರೆ. ಮುಖ್ಯವಾದ ಅಳತೆ ದಪ್ಪದ್ದು. ಚಕ್ಕೆ ದಪ್ಪವಾದರೆ ಕ್ಷಾರ ನಡುವಿಗೆ ಮುಟ್ಟದೆ ಬೇಯದ ಗಂಟು ಉಳಿಯುತ್ತದೆ. ಪುಡಿಯಾದರೆ ಅತಿಯಾಗಿ ಬೆಂದು, ಕ್ಷಾರ ತಿಂದು, ದ್ರಾವಣ ಸುತ್ತುವ ದಾರಿಯನ್ನೇ ಕಟ್ಟಿಹಾಕುತ್ತದೆ. ಜರಡಿ ಹಿಡಿದ ಚಕ್ಕೆಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಇರುವ ದ್ರಾವಣದಲ್ಲಿ, ಏಳೆಂಟು ಬಾರ್ ಒತ್ತಡದಲ್ಲಿ, 160–170 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಿಸುತ್ತಾರೆ. ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದ ಲಿಗ್ನಿನ್ ಕರಗುತ್ತದೆ, ನಾರು ಬಿಡಿಯಾಗುತ್ತದೆ. ಮರದ ಒಣತೂಕದ ಅರ್ಧಕ್ಕಿಂತ ಕಡಿಮೆ ಪಲ್ಪ್ ಆಗಿ ಉಳಿಯುತ್ತದೆ. ಬಿಳುಪಾಗಿಸಿದ ಒಂದು ಟನ್ ಪಲ್ಪ್‌ಗೆ ಎರಡು ಟನ್ನಿಗೂ ಮೀರಿದ ಒಣಮರ ಬೇಕು.

ಹಾಗಾಗಿ ಪಲ್ಪ್ ಎಂದರೆ ಬಿಡಿಸಿದ ನಾರು. ಬೇರೇನೂ ಅಲ್ಲ. ಪದ ಏನೇ ಇರಲಿ, ಅದರೊಳಗೆ ‘ನಾರು’ ಇರಲೇಬೇಕು.

ಡೈಜೆಸ್ಟರ್ ಅನ್ನು ‘ಜೀರ್ಣಕ’ ಮಾಡಿದರೆ ಮಕ್ಕಳ ಮನಸ್ಸು ಹೊಟ್ಟೆಯ ಕಡೆ ಹೋಗುತ್ತದೆ. ‘ಡೈಜೆಸ್ಟರ್ ಎಂಬ ಎತ್ತರದ ಕುಕ್ಕರ್’ ಎನ್ನಿ, ಒತ್ತಡ, ಉಗಿ, ಮುಚ್ಚಳ ಎಲ್ಲವೂ ಒಂದೇ ಪದದಲ್ಲಿ ಬಂತು. ಬ್ಲ್ಯಾಕ್ ಲಿಕರ್ ‘ಕಪ್ಪು ದ್ರಾವಣ’. ಅದನ್ನು ಕೊಳಚೆ ಎಂದು ಮಾತ್ರ ಬರೆಯಬೇಡಿ. ಕರಗಿದ ಲಿಗ್ನಿನ್ ಇರುವುದು ಅದರಲ್ಲೇ. ತೊಳೆದು ತೆಗೆದಾಗ ಅದರಲ್ಲಿ ಘನಪದಾರ್ಥ ಸುಮಾರು 15% ಇರುತ್ತದೆ. ಆವಿಯಾಗಿಸಿ 65–75%ಕ್ಕೆ ತಂದು ಬಾಯ್ಲರ್‌ನಲ್ಲಿ ಸುಡುತ್ತಾರೆ. ಗಿರಣಿಗೆ ಉಗಿ, ವಿದ್ಯುತ್ತು ಅದರಿಂದಲೇ. ತಳದಲ್ಲಿ ಕರಗಿ ಹರಿಯುವ ಲವಣವನ್ನು ನೀರಿನಲ್ಲಿ ಕರಗಿಸಿದರೆ ಹಸಿರು ದ್ರಾವಣ, ಅದಕ್ಕೆ ಸುಣ್ಣ ಕೊಟ್ಟರೆ ಮತ್ತೆ ಚಕ್ಕೆ ಬೇಯಿಸುವ ಬಿಳಿ ದ್ರಾವಣ. ಬಿಳಿ, ಕಪ್ಪು, ಹಸಿರು ಮೂರೂ ಒಂದೇ ಚಕ್ರದಲ್ಲಿವೆ. ಮೂರಕ್ಕೂ ‘ದ್ರಾವಣ’ ಎಂದೇ ಇದ್ದರೆ ಫಲಕದಲ್ಲಿ ಆ ಚಕ್ರ ಕಾಣುತ್ತದೆ.

ಅಂಧೇರಿಯಿಂದ

‘ನಾರ್ಮುದ್ದೆ’ ಎನ್ನಿ. ನಾರೂ ಇದೆ, ಮುದ್ದೆಯೂ ಇದೆ. ಲಿಗ್ನಿನ್‌ಗೆ ‘ಮರವಂಟು’, ಸೈಜಿಂಗ್‌ಗೆ ‘ಗಂಜಿ ಹಾಕುವುದು’ — ನೇಕಾರರ ಬಾಯಲ್ಲಿ ಇರುವ ಮಾತೇ. ವೈರ್‌ಗೆ ‘ಜಾಲರಿ’.

ಇನ್ನೊಂದು ಮುಖ್ಯ ವಿಷಯ. ಒಂಬತ್ತು ಫಲಕಗಳ ತಲೆಬರಹದಲ್ಲೂ ‘ಕಾಗದ’ ಇದೆ. ಅದು ಪಾರಸಿ. ನಮ್ಮದು ‘ಹಾಳೆ’. ಪಾಲು ಹಾಲಾಯಿತು, ಪೂ ಹೂವಾಯಿತು, ಪಾಳೆ ಹಾಳೆಯಾಯಿತು. ತುಳುವರು ಇಂದಿಗೂ ಅಡಕೆಯ ಹಾಳೆಗೆ ಪಾಳೆ ಎನ್ನುತ್ತಾರೆ. ತೆಳ್ಳಗೆ, ಅಗಲವಾಗಿ, ಬಾಗುವ ವಸ್ತುವಿಗೆ ನಮ್ಮ ಹಿರಿಯರು ಮರದಿಂದಲೇ ಎತ್ತಿಕೊಂಡ ಹೆಸರು ಅದು. ಮರದಿಂದ ಹಾಳೆ ಎಂದು ಬರೆಯುವ ಅವಕಾಶ ಬಂದಿರುವಾಗ ಪಾರಸಿಯ ಮೊರೆ ಏಕೆ?

ಪುಣೆ, ಕೋಥ್ರೂಡಿನಿಂದ

ಹಾಳಿ ಅಂದ್ರ ಒಂದು ತುಂಡು. ಯಂತ್ರದಿಂದ ಬರೂದು ಹಾಳಿ ಅಲ್ಲ, ಕಡೀಲಾರದ ಪಟ್ಟಿ, ರೀಲಿಗೆ ಸುತ್ತತದ. ರೀಲ್ ಕತ್ತರಿಸಿದ ಮ್ಯಾಲೆ ಹಾಳಿ. ‘ಹಾಳೆಯಿಂದ ಹಾಳೆ ಕತ್ತರಿಸಿದರು’ ಅಂತ ಬರೀತೀರೇನು? ಕಾಗದ ಪದಾರ್ಥದ ಹೆಸರು, ಹಾಳಿ ಆಕಾರದ ಹೆಸರು. ಎರಡೂ ಬೇಕು. ಪಾಳೆ–ಹಾಳೆ ವ್ಯುತ್ಪತ್ತಿ ಒಪ್ಪಿದೆ, ಅದರಿಂದ ಕಾಗದ ಹೊರಗ ಹೋಗಬೇಕು ಅನ್ನೋದನ್ನ ಒಪ್ಪೂದಿಲ್ಲ.

ಮರವಂಟೂ ಬ್ಯಾಡ. ಮರದ ಅಂಟು ಅಂದ್ರ ಜಾಲಿ ಗಿಡದಿಂದ ಒಸರೋ ಗೋಂದು. ಅದು ನೀರಿನ್ಯಾಗ ಕರಗ್ತದ. ಲಿಗ್ನಿನ್ ಹಂಗ ಕರಗಿದ್ರ ಇಷ್ಟು ಕಾಸ್ಟಿಕ್, ಇಷ್ಟು ಉಗಿ ಯಾಕ ಬೇಕಾಗ್ತಿತ್ತು? ಲಿಗ್ನಿನ್ ಅಂತನಽ ಇರ್ಲಿ.

ಗಂಜಿ ಅರ್ಧ ಸರಿ, ಅರ್ಧ ತಪ್ಪು. ಸೈಜಿಂಗ್ ಮಾಡೂದು ಮಸಿ ಹರಡಬಾರದು ಅಂತ. ಮಾಡದಿದ್ರ ಬ್ಲಾಟಿಂಗ್ ಪೇಪರ್ ಆಗ್ತದ. ಒಣಗಿದ ಕಾಗದದ ಮೈಗೆ ಪಿಷ್ಟ ಸವರೂದು ಗಂಜಿನಽ. ಆದ್ರ ಅದಕ್ಕಿಂತ ಮೊದಲು ಪಲ್ಪ್‌ನ್ಯಾಗಽ ಬೆರೆಸೋದು ಅದ. ರಾಳದ ಸೋಪು, ಮ್ಯಾಲೆ ಪಟಿಕ. ಅದು ಗಂಜಿ ಅಲ್ಲ. ಪಟಿಕದಿಂದ ಕಾಗದಕ್ಕ ಆಮ್ಲ ಸೇರ್ತದ, ಹಳೇ ಪುಸ್ತಕದ ಹಾಳಿ ಮುಟ್ಟಿದ್ರ ಮುರಿಯೂದು ಅದಽ ಕಾರಣಕ್ಕ. ಅದಕ್ಕಂತನಽ ಬರೆಯೋ ಕಾಗದದ ಗಿರಣಿಗಳು ಬೇರೆ ಸೈಜ್ ಹಿಡದು, ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬೋ ಪದ್ಧತಿಗೆ ಬಂದವು. ಆಮ್ಲ ಇದ್ದಲ್ಲಿ ಕಾರ್ಬೊನೇಟ್ ಉಳಿಯೂದಿಲ್ಲ, ನೊರೆ ಎದ್ದು ಕರಗ್ತದ. ಫಲಕದಾಗ ‘ನೀರು–ಮಸಿ ಹೀರದಂತೆ ಮಾಡುವುದು’ ಅಂತ ಬಿಡಿಸಿ ಬರೀರಿ. ಒಂದಽ ಪದ ಬೇಕು ಅನ್ನೋ ಹಟ ಯಾಕ?

ಜಾಲರಿ ಒಪ್ಪಿದೆ. ಮೊದಲು ಕಂಚಿನ ತಂತಿಯಿಂದ ನೇಯ್ದದ್ದು, ಈಗ ಪ್ಲಾಸ್ಟಿಕ್ ಎಳೀದು. ತಂತಿ ಅನ್ನೋ ಪದ ಹೆಂಗೂ ನಿಲ್ಲೂದಿಲ್ಲ.

ಮಾಟುಂಗದಿಂದ

ಪಲ್ಪ್, ಲಿಗ್ನಿನ್, ಡೈಜೆಸ್ಟರ್, ರೀಲ್! ಇದರಲ್ಲಿ ಕನ್ನಡ ಎಲ್ಲಿದೆ? ಮರಾಠಿಯವರು ತಮ್ಮ ‘ಲಗದಾ’ವನ್ನು ನಾಚದೆ ಬರೆದಿದ್ದಾರೆ. ಅದೇ ಗೋಡೆಯ ಮೇಲೆ ನಮ್ಮ ಫಲಕ ಇಂಗ್ಲಿಷ್ ಹೊತ್ತು ನಿಂತರೆ ಮುಂಬಯಿಯಲ್ಲಿ ಕನ್ನಡ ಶಾಲೆ ನಡೆಸುವುದಕ್ಕೆ ಅರ್ಥವೇನು?

ಅಂಧೇರಿಯಿಂದ

ಇದನ್ನು ಪೂರ್ತಿ ಒಪ್ಪುತ್ತೇನೆ. ಒಮ್ಮೆ ಸಾಲ ತಂದ ಪದ ಹಿಂದಕ್ಕೆ ಹೋಗುವುದಿಲ್ಲ.

ಮಡಗಾಂವ್‌ನಿಂದ

ಹೋಗಬೇಕಾಗಿಯೂ ಇಲ್ಲ. ಕಾಗದ ಮಾಡುವ ಕೈಗಳ ಜೊತೆಗೇ ಅದರ ಪದಗಳು ಬಂದವು. ಪುಣೆಯ ಕಸಬಾ ಪೇಠೆಯಲ್ಲಿ ಕಾಗದೀಪುರಾ ಎಂಬ ಓಣಿ ಇದೆ, ಜುನ್ನರ್ ಊರಿನ ಕಾಗದ ಒಂದು ಕಾಲಕ್ಕೆ ಹೆಸರಾಗಿತ್ತು. ಕಾಗದ, ದಸ್ತಾ, ರದ್ದಿ, ಇವೆಲ್ಲ ಆ ದಾರಿಯವು. ದಸ್ತಾ ಎಂದರೆ ಕೈ ಎಂಬ ಪಾರಸಿ ಮೂಲದ್ದು, ಅಂಗಡಿಯಲ್ಲಿ 24 ಹಾಳೆಯ ಕಟ್ಟು. ಕನ್ನಡದ ಬಾಯಿಗೆ ಇವು ಹೊರಗಿನವು ಎನಿಸುತ್ತಲೇ ಇಲ್ಲ. ‘ಊರಿಂದ ಕಾಗದ ಬಂತು’ ಎಂದವರು ಪಾರಸಿ ಆಡಿದರೇ? ದಾಂಡೇಲಿಯಲ್ಲಿ, ಭದ್ರಾವತಿಯಲ್ಲಿ ಯಂತ್ರದ ಮುಂದೆ ನಿಂತವರು ‘ಪಲ್ಪ್’ ಎಂದರು. ಅವರೂ ಕನ್ನಡಿಗರೇ. ಅರಣ್ಯ ಇಲಾಖೆಯ ನೆಡುತೋಪುಗಳಲ್ಲೂ ‘ಪಲ್ಪ್‌ವುಡ್’ ಎಂದೇ ನಡೆಯುತ್ತದೆ.

ನಾರ್ಮುದ್ದೆಗೆ ನನ್ನ ತಕರಾರು ಭಾಷೆಯದ್ದಲ್ಲ, ನೀರಿನದ್ದು. ತೊಳೆಯುವ ಡ್ರಮ್ಮಿನ ಮೇಲೆ ಪಲ್ಪ್ ದಪ್ಪ ಕಂಬಳಿಯಂತೆ ಕೂರುತ್ತದೆ, ನೂರಕ್ಕೆ ಹತ್ತು–ಹದಿನೈದು ಪಾಲು ನಾರು. ತೊಟ್ಟಿಯಲ್ಲಿ ಮೂರು–ನಾಲ್ಕು ಪಾಲು. ಜಾಲರಿಯ ಮೇಲೆ ಹರಿಯುವಾಗ ಅರ್ಧದಿಂದ ಒಂದು ಪಾಲು, ಅಂದರೆ ಬರೀ ನೀರೇ ಅನ್ನಿಸುವಷ್ಟು. ಇಷ್ಟು ತೆಳು ಮಾಡದಿದ್ದರೆ ನಾರು ಒಂದಕ್ಕೊಂದು ಸಿಕ್ಕಿಕೊಂಡು ಕಾಗದದಲ್ಲಿ ಮೋಡ ಮೋಡವಾಗಿ ಕಾಣುತ್ತದೆ. ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಬೇರೆ ಗಿರಣಿಗೆ ಮಾರುವ ಪಲ್ಪ್ ಸುಮಾರು 90% ಒಣಗಿದ ರಟ್ಟು, ಬೇಲ್ ಕಟ್ಟಿ ಕಳಿಸುತ್ತಾರೆ. ಈ ರಟ್ಟಿನ ಬೇಲನ್ನು ‘ಮುದ್ದೆ’ ಎಂದು ಯಾರಿಗೆ ಹೇಳಲು ಸಾಧ್ಯ? ಲಗದಾಕ್ಕೂ ಇದೇ ತೊಡಕು. ಒಣಗಿದರೂ ತೆಳುವಾದರೂ ಒಂದೇ ಹೆಸರಿನಲ್ಲಿ ನಿಲ್ಲುವುದು ‘ನಾರು’ ಅಥವಾ ‘ಪಲ್ಪ್’, ಇವೆರಡೇ.

ವಾಶಿಯಿಂದ

ಹಾಗಾದರೆ ಬಿದಿರು? ತಲೆಬರಹದಲ್ಲಿ ‘ಮರ’ ಮಾತ್ರ ಇದೆ.

ಮಡಗಾಂವ್‌ನಿಂದ

ಒಳ್ಳೆಯ ಪ್ರಶ್ನೆ. ದಾಂಡೇಲಿಯ ಗಿರಣಿ ಬಿದಿರನ್ನೇ ನಂಬಿ ಎದ್ದದ್ದು. ಇಂದು ನೀಲಗಿರಿ, ಅಕೇಶಿಯ, ಸುಬಾಬುಲ್, ಗಾಳಿಮರ ಹೆಚ್ಚು ಬಳಕೆಯಲ್ಲಿವೆ. ಬಿದಿರಿನ ನಾರು ಉದ್ದ, ಕಾಗದಕ್ಕೆ ಗಟ್ಟಿತನ ಕೊಡುತ್ತದೆ. ಆದರೆ ಅದರ ಸಿಲಿಕಾ ಕಪ್ಪು ದ್ರಾವಣಕ್ಕೆ ಇಳಿದು ಆವಿ ಕೊಳವೆಗಳಲ್ಲಿ ಗಾರೆಯಂತೆ ಕಟ್ಟುತ್ತದೆ. ಜಾಗವಿದ್ದರೆ ಒಂದು ಸಾಲು ಹಾಕಿ.

ಡೊಂಬಿವಲಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಹೀಗೆ ಮಾಡುತ್ತಿದ್ದೇನೆ. ಮೊದಲ ಫಲಕದಲ್ಲಿ: ‘ಮರದ ನಾರುಗಳನ್ನು ಬಿಡಿಬಿಡಿಯಾಗಿ ಬಿಡಿಸಿದರೆ ಸಿಗುವುದೇ ಪಲ್ಪ್.’ ಮುಂದೆ ಎಲ್ಲೆಡೆ ಪಲ್ಪ್. ಡೈಜೆಸ್ಟರ್ ಎಂಬ ಎತ್ತರದ ಕುಕ್ಕರ್, ಬಿಳಿ, ಕಪ್ಪು, ಹಸಿರು ದ್ರಾವಣ, ಲಿಗ್ನಿನ್, ಜಾಲರಿ. ಸೈಜಿಂಗ್‌ಗೆ ‘ಮಸಿ ಹೀರದಂತೆ ಮಾಡುವುದು’. ತಲೆಬರಹದಲ್ಲಿ ಕಾಗದ, ಕೊನೆಯ ಕತ್ತರಿಸುವ ಫಲಕದಲ್ಲಿ ಹಾಳೆ. ಎಂಟನೆಯದನ್ನು ಒಮ್ಮೆ ನೋಡಿಬಿಡಿ: ‘ಜಾಲರಿಯಿಂದ ಇಳಿದಾಗ ಐದನೆಯ ಒಂದು ಪಾಲು ಮಾತ್ರ ನಾರು. ಉರುಳೆಗಳ ನಡುವೆ ಹಿಂಡಿದ ಮೇಲೆ 40–45%. ನಂತರ ಉಗಿಯಿಂದ ಕಾದ ಉರುಳೆಗಳ ಮೇಲೆ ಹಾಯಿಸಿ ನೀರೆಲ್ಲ ಆರಿಸುತ್ತಾರೆ.’

ಅಂಧೇರಿಯಿಂದ

ಹಾಳೆ ಕೊನೆಯ ಫಲಕಕ್ಕೆ ಮಾತ್ರವೇ? ಈ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇಲ್ಲ. ಅಚ್ಚಿಗೆ ಕಳಿಸುವುದನ್ನು ತಡೆಯುವುದಿಲ್ಲ.

ಪುಣೆ, ಕೋಥ್ರೂಡಿನಿಂದ

ಅಕ್ಕಾರ, ‘ನೀರೆಲ್ಲ’ ತೆಗೀರಿ. ನೂರಕ್ಕ ಐದರಿಂದ ಏಳು ಪಾಲು ನೀರು ಉಳೀಲಿಕ್ಕಽ ಬೇಕು. ಪೂರ್ತಿ ಆರಿಸಿದ್ರ ಕಾಗದ ಮಡಚಿದಲ್ಲಿ ಮುರೀತದ, ಗಾಳಿಯ ತೇವ ಹೀರಿ ಅಂಚು ಅಲೆಅಲೆಯಾಗಿ ಏಳ್ತದ, ಪ್ರೆಸ್ಸಿನ್ಯಾಗ ಒಂದಕ್ಕೊಂದು ಅಂಟ್ತದ. ‘ಬೇಕಾದಷ್ಟು ತೇವ ಉಳಿಸಿ ಆರಿಸುತ್ತಾರೆ’ ಅಂತ ಮಾಡಿ ಕಳಿಸ್ರಿ.