ಪಾರ್ಸೆಲ್ ಎಲ್ಲಿ ಸಿಕ್ಕಿಹಾಕಿಕೊಂಡಿತು? ಹಬ್ ನಡೆಸಿದವರನ್ನೇ ಕೇಳಿ

ಅಡ್ಮಿನ್: ಆನ್‌ಲೈನ್ ಡೆಲಿವರಿ ಬಗ್ಗೆ ಗುಂಪಿನಲ್ಲಿ ದಿನಾ ಒಂದು ಗೋಳು ಇದ್ದೇ ಇರುತ್ತದೆ. ಅದಕ್ಕೇ ಈ ವಾರ ಆ ಕೆಲಸವನ್ನು ಒಳಗಿನಿಂದ ಬಲ್ಲವರನ್ನೇ ಕೂರಿಸಿದ್ದೇವೆ. ಇವರು ಶಿವಮೊಗ್ಗದಲ್ಲಿ ಒಂದು ಕೊರಿಯರ್ ಕಂಪನಿಯ ಹಬ್ (ಪಾರ್ಸೆಲ್‌ಗಳು ಬಂದಿಳಿದು ಮನೆಮನೆಗೆ ಹೊರಡುವ ಜಾಗ) ಇನ್‌ಚಾರ್ಜ್ ಆಗಿದ್ದವರು. ಈಗ ಬಿಟ್ಟಿದ್ದಾರೆ, ಹಾಗಾಗಿ ಧಾರಾಳವಾಗಿ ಮಾತಾಡುತ್ತಾರೆ. ಕಾನೂನಿನ ಪ್ರಶ್ನೆ ಬಂದರೆ ನಮ್ಮ ಹುಬ್ಬಳ್ಳಿಯ ವಕೀಲರು ನೋಡಿಕೊಳ್ಳುತ್ತಾರೆ. ಕಂಪನಿ ಹೆಸರು, ಫೋನ್ ನಂಬರ್, ಆರ್ಡರ್ ನಂಬರ್ ಯಾರೂ ಹಾಕಬೇಡಿ.

ಪ್ರಶ್ನೆ (ವಿದ್ಯಾರಣ್ಯಪುರ, ಬೆಂಗಳೂರು): ಸರ್, ಮಿಕ್ಸಿ ಜಾರ್ ಆರ್ಡರ್ ಮಾಡಿದ್ದೆ. ಅವತ್ತು ಬರುತ್ತದೆ ಅಂತ ತರಕಾರಿಗೂ ಹೋಗದೆ ಮನೆಯಲ್ಲೇ ಕೂತಿದ್ದೆ. ರಾತ್ರಿ ಒಂಬತ್ತು ಗಂಟೆ ಹೊತ್ತಿಗೆ ಮೆಸೇಜ್: "ಡೆಲಿವರಿಗೆ ಪ್ರಯತ್ನಿಸಿದೆವು, ಗ್ರಾಹಕರು ಲಭ್ಯವಿರಲಿಲ್ಲ". ಬೆಲ್ ಇಲ್ಲ, ಫೋನ್ ಇಲ್ಲ. ಇದು ಹಸಿ ಸುಳ್ಳು ಅಲ್ವಾ?

ಉತ್ತರ: ಸುಳ್ಳೇ ಮೇಡಂ. ಸುತ್ತಿ ಬಳಸಿ ಹೇಳುವುದು ಏನೂ ಇಲ್ಲ. ಆದರೆ ಆ ಸುಳ್ಳು ಹುಟ್ಟುವುದು ಎಲ್ಲಿ ಅಂತ ಗೊತ್ತಿದ್ದರೆ ಹಿಡಿಯುವುದು ಸುಲಭ.

ಬೆಳಗಿನ ಜಾವ ದೊಡ್ಡ ಗಾಡಿ ಬರುತ್ತದೆ. ಸೀಲ್ ಕತ್ತರಿಸಿ ಚೀಲ ಸುರಿಯುತ್ತಾರೆ. ಒಬ್ಬ ಗನ್ ಹಿಡಿದು ಬೀಪ್ ಬೀಪ್ ಅಂತ ಸ್ಕ್ಯಾನ್ ಮಾಡುತ್ತಾನೆ. ಇನ್ನೊಬ್ಬ ಪ್ರತಿ ಬಾಕ್ಸ್ ಮೇಲೆ ಮಾರ್ಕರ್‌ನಲ್ಲಿ ರೂಟ್ ನಂಬರ್ ಗೀಚಿ ಮೂಲೆಗೆ ಎಸೆಯುತ್ತಾನೆ. ಹೌದು, ಎಸೆಯುತ್ತಾನೆ. "ಗಾಜು, ಜೋಪಾನ" ಅಂತ ಸ್ಟಿಕ್ಕರ್ ಇದ್ದರೂ ಅಷ್ಟೇ. ಡೆಲಿವರಿ ಹುಡುಗ ತನ್ನ ಪಾಲಿನದನ್ನು ಸ್ಕ್ಯಾನ್ ಮಾಡಿಕೊಂಡ ಕೂಡಲೇ ನಿಮ್ಮ ಮೊಬೈಲಿಗೆ "ಡೆಲಿವರಿಗೆ ಹೊರಟಿದೆ" ಅಂತ ಬರುತ್ತದೆ. ಆಗ ಅದು ಇನ್ನೂ ಹಬ್ಬಿನ ನೆಲದ ಮೇಲೇ ಇರಬಹುದು. ಮಳೆ, ಟ್ರಾಫಿಕ್, ಹಬ್ಬದ ಸೇಲ್ ಅಂದರೆ ಒಬ್ಬನ ಕೈಯಲ್ಲಿ ಮುಗಿಸಲಾಗದಷ್ಟು ಲೋಡ್.

ರಾತ್ರಿ ಹುಡುಗ ವಾಪಸ್ ಬಂದಾಗ ಉಳಿದ ಪ್ರತಿ ಪಾರ್ಸೆಲ್‌ಗೂ ಒಂದು ಕಾರಣ ಒತ್ತಲೇಬೇಕು. ಒತ್ತದಿದ್ದರೆ ಅವನ ದಿನದ ಲೆಕ್ಕ ಕ್ಲೋಸ್ ಆಗುವುದಿಲ್ಲ. "ಗ್ರಾಹಕರು ಸಿಗಲಿಲ್ಲ", "ವಿಳಾಸ ತಪ್ಪು", "ಬೇರೆ ದಿನ ಕೇಳಿದರು" ಇತ್ಯಾದಿ. "ನನಗೆ ಟೈಮ್ ಸಾಲಲಿಲ್ಲ" ಅಂತ ಒತ್ತಿದರೆ ಹಬ್ಬಿನ ಅಂಕ ಕಮ್ಮಿ ಆಗುತ್ತದೆ. ಆಗ ಇನ್‌ಚಾರ್ಜ್‌ಗೆ ಮೇಲಿನವರಿಂದ ಬೈಗುಳ. ಗ್ರಾಹಕರ ತಲೆಗೆ ಕಟ್ಟಿದರೆ ಯಾರಿಗೂ ಬೈಗುಳ ಇಲ್ಲ. ಹಾಗಾಗಿ ಆ ಮೆಸೇಜನ್ನು ನಿಮಗೆ ಬರೆದದ್ದು ಅಂದುಕೊಳ್ಳಬೇಡಿ. ಅದು ಹಬ್ಬಿನ ಲೆಕ್ಕದ ಪುಸ್ತಕ, ಒಂದು ಪ್ರತಿ ನಿಮಗೂ ಬರುತ್ತದೆ ಅಷ್ಟೇ.

ಮಾಡಬೇಕಾದ್ದು: ಅದೇ ರಾತ್ರಿ ಆ್ಯಪ್‌ನಲ್ಲಿ "ನಾನು ಮನೆಯಲ್ಲಿದ್ದೆ, ಕರೆ ಬಂದಿಲ್ಲ" ಅಂತ ದೂರು ಹಾಕಿ. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಸೇರಿಸಿ. ದೊಡ್ಡ ಕಂಪನಿಗಳಲ್ಲಿ ಹುಡುಗನ ಕರೆಯೂ ಲೊಕೇಶನ್ನೂ ದಾಖಲಾಗುತ್ತವೆ. "ನಿಮ್ಮ ಹುಡುಗ ಯಾವ ಸಮಯಕ್ಕೆ ಕರೆ ಮಾಡಿದ, ಎಲ್ಲಿ ನಿಂತು ಒತ್ತಿದ, ಪರಿಶೀಲಿಸಿ" ಅಂತ ಬರೆದರೆ ಆ ಟಿಕೆಟ್, ಅಂದರೆ ನಿಮ್ಮ ದೂರು, ನೇರ ಹಬ್ಬಿಗೆ ಬರುತ್ತದೆ. ನಮ್ಮಲ್ಲಿ ಅಂಥ ಟಿಕೆಟ್ ಬಂದ ಪಾರ್ಸೆಲ್ ಮರುದಿನ ಮೊದಲ ಟ್ರಿಪ್‌ನಲ್ಲೇ ಹೋಗುತ್ತಿತ್ತು. ಸುಮ್ನೆ ಕಾದರೆ ಇನ್ನೊಂದೆರಡು ಸಲ ಹೀಗೇ ಆಗಿ ಮಾಲು ಮಾರಿದವರಿಗೆ ವಾಪಸ್ ಹೊರಟುಬಿಡುತ್ತದೆ.

ಒಂದು ವಿಷಯ ನಿಮ್ಮ ಕಡೆಯಿಂದಲೂ ನೋಡಿಕೊಳ್ಳಿ. ಹುಡುಗರ ನಂಬರನ್ನು ಜನ "ಸ್ಪ್ಯಾಮ್" ಅಂತ ಗುರುತು ಹಾಕಿಬಿಡುತ್ತಾರೆ. ಕೆಂಪು ಬಣ್ಣದಲ್ಲಿ ಬಂದ ಕರೆ ಯಾರು ಎತ್ತುತ್ತಾರೆ? ಪಾರ್ಸೆಲ್ ಬರುವ ದಿನ ಅಪರಿಚಿತ ಕರೆ ಬ್ಲಾಕ್ ಆಗಿದ್ದರೆ ತೆಗೆದಿಡಿ.

ಪ್ರತಿಕ್ರಿಯೆ (ಮೈಸೂರು): ಅಣ್ಣ, ನಾನು ಈಗಲೂ ಡೆಲಿವರಿ ಮಾಡೋನು. ನಮ್ಮ ಕಷ್ಟನೂ ಸ್ವಲ್ಪ ಹೇಳಿ. ಪಾರ್ಸೆಲ್ ಲೆಕ್ಕದಲ್ಲಿ ಕಾಸು, ಪೆಟ್ರೋಲ್ ನಮ್ಮದೇ. ಅಪಾರ್ಟ್‌ಮೆಂಟ್‌ನಲ್ಲಿ ಗೇಟ್‌ನಲ್ಲೇ ಹತ್ತು ನಿಮಿಷ, ಆಮೇಲೆ "ಆ ಲಿಫ್ಟ್‌ನಲ್ಲಿ ಬರಬೇಡ, ಸರ್ವಿಸ್ ಲಿಫ್ಟ್‌ನಲ್ಲಿ ಹೋಗು" ಅಂತಾರೆ. ಅದು ಕೆಟ್ಟಿರುತ್ತೆ.

ಉತ್ತರ: ನಿಜ ತಮ್ಮ. ಕೊಟ್ಟ ಪಾರ್ಸೆಲ್‌ಗೆ ಮಾತ್ರ ಕಾಸು, ಕಾದ ಹೊತ್ತಿಗೆ ಇಲ್ಲ. ಆ ಲೆಕ್ಕ ಹಾಕಿದವರು ನಾಲ್ಕನೇ ಮಹಡಿ ಹತ್ತಿ ನೋಡಿದವರಲ್ಲ. ನಿನಗೆ ಒಂದು ಮಾಹಿತಿ. 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರಿಗೆ, ಅಂದರೆ ನಿನ್ನಂತೆ ಆ್ಯಪ್ ಮೂಲಕ ಕೆಲಸ ಮಾಡುವವರಿಗೆ, ಅಂತಲೇ ಕಾಯ್ದೆ ತಂದಿದೆ. ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುಂಚೆ 14 ದಿನದ ನೋಟಿಸ್ ಕೊಡಬೇಕು. ನೋಂದಣಿ ಆಗಿದೆಯಾ ವಿಚಾರಿಸು.

ಪ್ರಶ್ನೆ (ಸಾಗರ): ಮಗಳ ಪರೀಕ್ಷೆಯ ಪುಸ್ತಕ ಬೆಂಗಳೂರಿಂದ ಹೊರಟು ಶಿವಮೊಗ್ಗದವರೆಗೆ ಬಂತು. ಅಲ್ಲಿಂದ ಚಿತ್ರದುರ್ಗಕ್ಕೆ ಹೋಗಿ ಕೂತಿದೆ. ಇದೇನು ಪ್ರವಾಸ ಹೊರಟಿದ್ದಾ?

ಉತ್ತರ: ನೀವು ಹಾಕಿದ ಪಿನ್‌ಕೋಡ್ ಇನ್ನೊಮ್ಮೆ ನೋಡಿ ಸರ್. ಸಾಗರದ್ದು 577401. ಚಿತ್ರದುರ್ಗದ್ದು 577501. ಒಂದೇ ಒಂದು ಅಂಕಿ.

ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು, ಅಂಚೆಯವರು ಕಾಗದ ವಿಂಗಡಿಸಲಿಕ್ಕೆ. ಈಗ ಖಾಸಗಿ ಕೊರಿಯರ್‌ಗಳದ್ದೂ ಇಡೀ ಲೆಕ್ಕಾಚಾರ ಅದರ ಮೇಲೇ. 577 ಅಂತ ಶುರುವಾದರೆ ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು, ಚಿತ್ರದುರ್ಗ ಯಾವುದೂ ಆಗಬಹುದು. ಸಾರ್ಟಿಂಗ್ ಸೆಂಟರ್‌ನಲ್ಲಿ ನಿಮ್ಮ ಊರಿನ ಹೆಸರು ಯಾರೂ ಓದುವುದಿಲ್ಲ. ಮೆಷಿನ್ ಆರು ಅಂಕಿ ನೋಡಿ ಚೀಲಕ್ಕೆ ತಳ್ಳುತ್ತದೆ. ಚೀಲಕ್ಕೆ ಸೀಲ್ ಬಿದ್ದ ಮೇಲೆ ಅದು ತಲುಪುವ ಊರಲ್ಲೇ ತೆರೆಯುವುದು. ತಪ್ಪು ಚೀಲಕ್ಕೆ ಬಿದ್ದ ಪುಸ್ತಕ ಅಲ್ಲಿಗೇ ಹೋಗಿ, ಅಲ್ಲಿ ಯಾರಾದರೂ "ಇದು ನಮ್ಮದಲ್ಲ" ಅಂತ ಪಕ್ಕಕ್ಕಿಟ್ಟು, ವಾಪಸ್ ಗಾಡಿಗೆ ಹಾಕಬೇಕು. ಆ "ಪಕ್ಕಕ್ಕಿಟ್ಟ" ಮೂಲೆ ಪ್ರತಿ ಹಬ್ಬಿನಲ್ಲೂ ಇರುತ್ತದೆ. ಧೂಳು ಹಿಡಿಯುವುದು ಅಲ್ಲೇ.

ಪಿನ್ ಸರಿ ಇದ್ದರೆ ಅದು ಅವರ ತಪ್ಪು. ಟ್ರ್ಯಾಕಿಂಗ್‌ನಲ್ಲಿ ಎರಡು ಮೂರು ದಿನ ಹೊಸ ಸ್ಕ್ಯಾನ್ ಇಲ್ಲ ಅಂದರೆ ಬರೀ "ತಡವಾಗಿದೆ" ಅಂತ ದೂರಬೇಡಿ. "ಕೊನೆಯ ಸ್ಕ್ಯಾನ್ ಚಿತ್ರದುರ್ಗದಲ್ಲಿ, ಇಂಥ ದಿನ. ಪಾರ್ಸೆಲ್ ಹುಡುಕಿಸಿ ಅಥವಾ ಕಳೆದಿದೆ ಅಂತ ಘೋಷಿಸಿ ಹಣ ಕೊಡಿ" ಅಂತ ಬರೆಯಿರಿ. ಪರೀಕ್ಷೆ ಹತ್ತಿರ ಇದೆ ಅಂದರೆ ಕಾಯಬೇಡಿ, ಊರಿನ ಅಂಗಡಿಯಲ್ಲೇ ಕೊಂಡುಬಿಡಿ.

ಪ್ರಶ್ನೆ (ಕೊಪ್ಪ ತಾಲ್ಲೂಕು): ನಮ್ಮದು ತೋಟದ ಮನೆ. ಯಾವಾಗಲೂ "ಮೇನ್ ರೋಡಿಗೆ ಬನ್ನಿ" ಅಂತಾರೆ. ಡೆಲಿವರಿ ಚಾರ್ಜ್ ಕೊಟ್ಟಿರುತ್ತೇವಲ್ಲ?

ಉತ್ತರ: ಕೊಟ್ಟಿರುತ್ತೀರಿ, ಮನೆ ಬಾಗಿಲಿಗೆ ಕೇಳುವ ಹಕ್ಕೂ ಇದೆ. ಆದರೆ ನಿಮ್ಮ ಮನೆಗೆ ಮಣ್ಣು ರಸ್ತೆಯಲ್ಲಿ ಎರಡು ಕಿಲೋಮೀಟರ್ ಒಳಗೆ ಬಂದು ಹೋಗುವ ಹೊತ್ತಿಗೆ ಪೇಟೆಯಲ್ಲಿ ಅವನು ಹತ್ತು ಪಾರ್ಸೆಲ್ ಮುಗಿಸುತ್ತಾನೆ. ಹಾಗಾಗಿ ಮಲೆನಾಡಲ್ಲಿ ಇದು ಹೊಂದಾಣಿಕೆಯ ಮೇಲೇ ನಡೆಯುವುದು. ದಾರಿಯ ಕಿರಾಣಿ ಅಂಗಡಿಯನ್ನೋ ಹಾಲಿನ ಡೈರಿಯನ್ನೋ ವಿಳಾಸ ಮಾಡಿಕೊಂಡವರೇ ಜಾಸ್ತಿ. ಅಂಗಡಿಯವರನ್ನು ಮೊದಲೇ ಕೇಳಿ, ಅವರ ಹೆಸರನ್ನು ವಿಳಾಸದಲ್ಲೇ ಸೇರಿಸಿ.

ಸಣ್ಣ ಸಾಮಾನಾದರೆ, ಮಾರುವವರು ಅಂಚೆಯಲ್ಲಿ ಕಳಿಸುವವರಾದರೆ, ಅದನ್ನೇ ಆರಿಸಿ. ನಿಮ್ಮ ಪೋಸ್ಟ್‌ಮ್ಯಾನ್‌ಗೆ ಯಾರ ಮನೆ ಯಾವ ಗುಡ್ಡದ ಹಿಂದೆ ಅಂತ ಗೊತ್ತು. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಚೌಕಗಳಾಗಿ ಮಾಡಿ ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಯ ಗುರುತು. ತೋಟದ ಮನೆಗಳಿಗೆ ಒಳ್ಳೆಯ ಯೋಚನೆ. ಆದರೆ ಸದ್ಯ ಹುಡುಗನಿಗೆ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ (ಗದಗ): 18,500 ರೂಪಾಯಿಯ ಮೊಬೈಲ್ ತರಿಸಿದ್ದೆ. ಬಾಕ್ಸ್‌ನಲ್ಲಿ ಬಟ್ಟೆ ಸೋಪು ಎರಡು. ಕಂಪನಿಯವರು "ಸರಿಯಾಗಿ ಡೆಲಿವರಿ ಆಗಿದೆ" ಅಂತ ದೂರು ಮುಚ್ಚಿಬಿಟ್ಟರು. ಎಲ್ಲಿ ಆಗುತ್ತೆ ಇದು? ನಾನೇನು ಮಾಡಲಿ?

ಉತ್ತರ: ದಾರಿಯಲ್ಲಿ ಎಲ್ಲಿ ಬೇಕಾದರೂ ಆಗಬಹುದು. ಗೋಡೌನ್‌ನಲ್ಲಿ, ಗಾಡಿಯಲ್ಲಿ, ಹಬ್ಬಿನಲ್ಲಿ, ಕೊನೆಗೆ ಹುಡುಗನ ಚೀಲದಲ್ಲಿ. ಕೆಲವೊಮ್ಮೆ ಹಿಂದಿನ ಗ್ರಾಹಕ ಸೋಪಿಟ್ಟು ವಾಪಸ್ ಮಾಡಿದ ಡಬ್ಬವೇ ನಿಮಗೆ ಬಂದಿರುತ್ತದೆ. ಎರಡು ಸೋಪು ಯಾಕೆ ಅಂದರೆ ತೂಕ ಸರಿಹೊಂದಲಿ ಅಂತ. ದೊಡ್ಡ ಸೆಂಟರ್‌ಗಳಲ್ಲಿ ಪಾರ್ಸೆಲ್ ತೂಕ ದಾಖಲಾಗುತ್ತದೆ. ಆದರೂ ಗ್ರಾಂ ಲೆಕ್ಕದಲ್ಲಿ ಹೊಂದುವುದು ಕಷ್ಟ. "ಪ್ರತಿ ಹಂತದ ತೂಕದ ದಾಖಲೆ ಕೊಡಿ" ಅಂತ ಬರಹದಲ್ಲಿ ಕೇಳಿ. ಹೊರಗಿನ ಟೇಪ್ ಎರಡು ಥರದ್ದಿದೆಯಾ, ಒಂದರ ಮೇಲೊಂದು ಅಂಟಿಸಿದೆಯಾ ನೋಡಿ. ಬಾಕ್ಸ್, ಲೇಬಲ್, ಸೋಪು ಏನೂ ಬಿಸಾಡಬೇಡಿ. ಮುಂದಿನದು ಮೇಡಂ ಹೇಳಲಿ.

ವಕೀಲರು (ಹುಬ್ಬಳ್ಳಿ): ಮೊದಲನೇ ಮಾತು: ನೀವು ದುಡ್ಡು ಕೊಟ್ಟಿದ್ದು ಕೊರಿಯರ್‌ನವರಿಗಲ್ಲ. ಹಾಗಾಗಿ "ಕೊರಿಯರ್‌ನವರನ್ನು ಕೇಳಿ" ಅಂತ ಮಾರಿದವರು ಕೈ ತೊಳೆದುಕೊಳ್ಳಲು ಬಿಡಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರಬೇಕು. ಅವರ ವಿವರ ವೆಬ್‌ಸೈಟ್‌ನಲ್ಲಿ ಹಾಕಿರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಚಾಟ್‌ನಲ್ಲಿ ಯಾರೋ "ಕ್ಷಮಿಸಿ ಸರ್" ಅಂದಿದ್ದನ್ನು ನಂಬಿ ಕೂರಬೇಡಿ, ಆ ಅಧಿಕಾರಿಗೇ ಇಮೇಲ್ ಮಾಡಿ.

ಅದರಿಂದ ಆಗದಿದ್ದರೆ 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ನಾನು ನೋಡಿದ ಹಾಗೆ ಇಷ್ಟು ಮೊತ್ತದ ತಕರಾರು ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತವೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಲ್ಲಿ ದೊಡ್ಡ ಅನುಕೂಲ ಏನೆಂದರೆ, ನೀವು ಇರುವ ಊರಲ್ಲೇ ಕೇಸ್ ಹಾಕಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೂ ಗದಗಿಗೇ ಬರಬೇಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ವಕೀಲರೂ ಕಡ್ಡಾಯ ಅಲ್ಲ, ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗಾದರೂ ಸತ್ಯ ಅದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಪ್ರಶ್ನೆ (ಗದಗ): ಬಾಕ್ಸ್ ತೆರೆದ ವಿಡಿಯೋ ಮಾಡಿಲ್ಲ ಮೇಡಂ. ಕೇಸ್ ನಿಲ್ಲುತ್ತಾ?

ವಕೀಲರು: ವಿಡಿಯೋ ಇರಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಇದ್ದರೆ ಗಟ್ಟಿ. ಇಲ್ಲದಿದ್ದರೆ ತೆರೆದ ಕೆಲವೇ ನಿಮಿಷದಲ್ಲಿ ನೀವು ಮಾಡಿದ ದೂರು, ಫೋಟೋ, ಕರೆ ಇವೇ ಸಾಕ್ಷಿ. ಇನ್ನೊಂದು: ಮೊಬೈಲ್‌ನ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆಯಾದ ಗುರುತಿನ ಸಂಖ್ಯೆ) ಬಿಲ್‌ನಲ್ಲಿರುತ್ತದೆ. ಆ ಫೋನ್ ಇವತ್ತು ಯಾರ ಕೈಯಲ್ಲಿ ಓಡುತ್ತಿದೆ ಅಂತ ಪೊಲೀಸರು ಪತ್ತೆ ಮಾಡಬಹುದು. ಠಾಣೆಗೆ ದೂರು ಕೊಡಿ, ಅದರ ಪ್ರತಿಯನ್ನು ಕಂಪನಿಗೆ ಕಳಿಸಿ. ಧಾಟಿ ಬದಲಾಗುತ್ತದೆ.

ಉತ್ತರ: ಮುಂದಿನ ಸಲ ಬೆಲೆಬಾಳುವ ಸಾಮಾನಿಗೆ "ಓಪನ್ ಬಾಕ್ಸ್ ಡೆಲಿವರಿ" ಇದ್ದರೆ ಅದನ್ನೇ ಆರಿಸಿ. ಹುಡುಗನ ಎದುರೇ ಬಿಚ್ಚಿ, ಸಾಮಾನು ನೋಡಿ, ಆಮೇಲೆ ಒಟಿಪಿ ಕೊಡುವುದು. ಒಟಿಪಿ ಅಂದರೆ ನಿಮ್ಮ ಸಹಿ. "ಮೇಡಂ, ಒಟಿಪಿ ಹೇಳಿ, ಸಂಜೆ ತಂದುಕೊಡ್ತೀನಿ" ಅಂತ ಫೋನಲ್ಲಿ ಕೇಳಿದರೆ ಖಂಡಿತ ಕೊಡಬೇಡಿ. ಒಳ್ಳೆಯ ಹುಡುಗನೇ ಇರಬಹುದು. ಆದರೂ ಬೇಡ.

ಪ್ರಶ್ನೆ (ಹಾಸನ): ನಾನು ಆಫೀಸಿಗೆ ಹೋಗಿದ್ದಾಗ ನನ್ನ ಹೆಸರಿಗೆ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಬಂದಿದೆ. ಅಮ್ಮ 599 ಕೊಟ್ಟು ತಗೊಂಡರು. ಒಳಗೆ ಹರಿದ ಸೀರೆ ತುಂಡು. ನಾನು ಆರ್ಡರೇ ಮಾಡಿಲ್ಲ.

ಉತ್ತರ: ಎಸೆದ ಬಾಕ್ಸ್ ಮೇಲಿನ ಲೇಬಲ್‌ನಿಂದಲೋ ಇನ್ನೆಲ್ಲಿಂದಲೋ ಹೆಸರು, ವಿಳಾಸ, ಫೋನ್ ನಂಬರ್ ಸಿಕ್ಕವರು ಕಳಿಸುವ ಮಾಲು ಇದು. 599, 499 ಅಂತ ಇಡುವುದೂ ಬೇಕೆಂದೇ. "ಮಗ ತರಿಸಿರಬೇಕು" ಅಂತ ಮನೆಯವರು ಕೊಟ್ಟುಬಿಡುವಷ್ಟು ಮಾತ್ರ. ಹುಡುಗನಿಗೆ ಒಳಗೇನಿದೆ ಗೊತ್ತಿರುವುದಿಲ್ಲ, ಅವನನ್ನು ಬೈಯಬೇಡಿ.

ಹೊರಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ನೀವು ಕೊಟ್ಟ ನಗದು ಅವತ್ತೇ ಮಾರಿದವರ ಕೈಗೆ ಹೋಗುವುದಿಲ್ಲ. ಕೊರಿಯರ್ ಕಂಪನಿ ಕೆಲವು ದಿನ ಬಿಟ್ಟು ಒಟ್ಟಿಗೆ ಕಟ್ಟುತ್ತದೆ. ಲೇಬಲ್ ಮೇಲಿನ ಎಡಬ್ಲ್ಯೂಬಿ ನಂಬರ್ (ಪಾರ್ಸೆಲ್‌ನ ಟ್ರ್ಯಾಕಿಂಗ್ ನಂಬರ್) ಹಿಡಿದು ಅವತ್ತೇ ಕೊರಿಯರ್‌ನವರಿಗೆ "ಇದು ಮೋಸದ ಪಾರ್ಸೆಲ್, ಹಣ ತಡೆಹಿಡಿಯಿರಿ" ಅಂತ ಇಮೇಲ್ ಮಾಡಿದರೆ ತಡೆಯುವ ಅವಕಾಶ ಇರುತ್ತದೆ. ತಡ ಮಾಡಿದರೆ ಇಲ್ಲ. ಅಮ್ಮನಿಗೆ ಹೇಳಿಡಿ: ನಾನು ಫೋನ್‌ನಲ್ಲಿ ಹೂಂ ಅನ್ನದೆ ಯಾವುದಕ್ಕೂ ದುಡ್ಡು ಕೊಡಬೇಡ ಅಂತ.

ಪ್ರಶ್ನೆ (ಬಳ್ಳಾರಿ): "ನಿಮ್ಮ ವಿಳಾಸ ಅಪೂರ್ಣ, ಈ ಲಿಂಕ್ ಒತ್ತಿ 5 ರೂಪಾಯಿ ಕಟ್ಟಿ" ಅಂತ ಬಂದಿದೆ.

ಉತ್ತರ: ಒತ್ತಬೇಡಿ. ಯಾವ ಹಬ್ಬೂ ವಿಳಾಸ ತಿದ್ದಲು ದುಡ್ಡು ಕೇಳುವುದಿಲ್ಲ. "ಸ್ಟಾರ್ 21 ಸ್ಟಾರ್ ಒತ್ತಿ ಈ ನಂಬರ್ ಹಾಕಿ" ಅಂದರೂ ಅಷ್ಟೇ, ನಿಮ್ಮ ಕರೆಗಳೆಲ್ಲ ಅವರಿಗೆ ಹೋಗುತ್ತವೆ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ (ತುಮಕೂರು): ಕೊನೇ ಪ್ರಶ್ನೆ ಸರ್. ಕುರ್ತಾ ಸೈಜ್ ಆಗಲಿಲ್ಲ, ರಿಟರ್ನ್ ಹಾಕಿದೆ. ಪಿಕಪ್‌ಗೆ ಬಂದವನು "ಆಗಲ್ಲ" ಅಂತ ವಾಪಸ್ ಹೋದ. ಯಾಕೆ?

ಉತ್ತರ: ಅವನ ಆ್ಯಪ್‌ನಲ್ಲಿ ಪ್ರಶ್ನೆಗಳು ಬರುತ್ತವೆ. ಬಣ್ಣ ಅದೇನಾ, ಬ್ರಾಂಡ್ ಅದೇನಾ, ಟ್ಯಾಗ್ ಇದೆಯಾ, ಕಲೆಯಿಲ್ಲದೆ ಇದೆಯಾ. ಒಂದಕ್ಕೆ "ಇಲ್ಲ" ಒತ್ತಿದರೆ ಪಿಕಪ್ ಅಲ್ಲಿಗೇ ನಿಲ್ಲುತ್ತದೆ. ನಿಮ್ಮದರಲ್ಲಿ ಟ್ಯಾಗ್ ಇತ್ತಾ?

ಪ್ರಶ್ನೆ (ತುಮಕೂರು): ಹಾಕಿ ನೋಡುವಾಗ ಕಿತ್ತುಬಿಟ್ಟೆ. ಡಸ್ಟ್‌ಬಿನ್‌ನಲ್ಲಿ ಇರಬೇಕು.

ಉತ್ತರ: ಹುಡುಕಿ ತೆಗೆಯಿರಿ. ಕಿತ್ತ ಟ್ಯಾಗನ್ನೂ ಕುರ್ತಾವನ್ನೂ ಒಟ್ಟಿಗೆ ಇಟ್ಟು ಫೋಟೋ ತೆಗೆದು ಆ್ಯಪ್‌ನ ಚಾಟ್‌ನಲ್ಲಿ ಹಾಕಿ, ಪಿಕಪ್ ಇನ್ನೊಮ್ಮೆ ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪಿ ಹುಡುಗ ಬಂದರೆ, ಅವನು ಗೇಟು ದಾಟುವ ಮೊದಲು "ಪಿಕಪ್ ಆಗಿದೆ" ಅನ್ನುವ ಮೆಸೇಜ್ ನಿಮ್ಮ ಮೊಬೈಲಿಗೆ ಬಂತಾ ನೋಡಿಕೊಳ್ಳಿ.