ಅಪ್‌ಡೇಟ್: ನಮ್ಮೂರ ಮಣ್ಣನ್ನು ಫ್ರಾನ್ಸಿಗೆ ಒಯ್ಯುವ ವಿಷಯ

ಹತ್ತು ದಿನದ ಹಿಂದೆ ಕೇಳಿದ್ದೆ: ಗ್ರೆನೋಬಲ್‌ನಲ್ಲಿ ಮಣ್ಣಿನ ಇಟ್ಟಿಗೆ ಬಗ್ಗೆ ಮೂರು ತಿಂಗಳು ಸಂಶೋಧನೆ ಮಾಡಲು ಹೋಗುತ್ತಿದ್ದೇನೆ, ಹೊಳಲ್ಕೆರೆ ಕಡೆಯ ನಮ್ಮ ಹೊಲದ ಐದು ಕೆಜಿ ಕೆಮ್ಮಣ್ಣು ಒಯ್ಯುವುದು ಹೇಗೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಓವನ್‌ನಲ್ಲಿ ಒಣಗಿಸಿ ಸೂಟ್‌ಕೇಸಿನಲ್ಲಿ ಇಡುವುದು ಆಗಲ್ಲ. ಮಣ್ಣಿನ ಜೊತೆ ಗಿಡದ ರೋಗ, ಹುಳ ಬರುತ್ತವೆ ಅಂತ ಯುರೋಪಿಯನ್ ಒಕ್ಕೂಟ ಹೊರಗಿನ ಮಣ್ಣನ್ನು ಒಳಗೆ ಬಿಡುವುದಿಲ್ಲ. ಸಂಶೋಧನೆಗೂ ಮೊದಲೇ ವಿಶೇಷ ಅನುಮತಿ ಬೇಕು. ಕೊರಿಯರ್‌ನವರೂ ಒಪ್ಪಲಿಲ್ಲ.

ಕೆಲಸಕ್ಕೆ ಬಂದಿದ್ದು "ಮಣ್ಣು ಬಿಡಿ, ಅದರ ಅಂಕಿ ಒಯ್ಯಿರಿ" ಅಂದವರ ಸಲಹೆ. ದಾವಣಗೆರೆಯಲ್ಲಿ ನಮ್ಮ ಕಾಲೇಜಿನ ಲ್ಯಾಬ್‌ನಲ್ಲೇ ಜರಡಿ ಹಿಡಿದು ಮರಳೆಷ್ಟು, ನುಣ್ಣನೆಯ ಮಣ್ಣೆಷ್ಟು ಅಂತ ನೋಡಿದೆ. ಎಷ್ಟು ನೀರಿಗೆ ಮಣ್ಣು ಹರಿಯುವಂತಾಗುತ್ತದೆ (ಲಿಕ್ವಿಡ್ ಲಿಮಿಟ್), ನೀರು ಎಷ್ಟಕ್ಕಿಂತ ಕಡಿಮೆಯಾದರೆ ನಾದಲು ಬರದೆ ಪುಡಿಯಾಗುತ್ತದೆ (ಪ್ಲಾಸ್ಟಿಕ್ ಲಿಮಿಟ್) ಅನ್ನುವುದನ್ನೂ ತೆಗೆದೆ. ಗ್ರೆನೋಬಲ್‌ನ ಮಣ್ಣಿಗೆ ಮರಳು ಬೆರೆಸಿ ಇದೇ ಅಳತೆಗೆ ತರೋಣ ಅಂತ ಅಲ್ಲಿನ ಗೈಡ್ ಮೇಲ್ ಮಾಡಿದ್ದಾರೆ.

ಆಶ್ಚರ್ಯ ಆಗಿದ್ದು ಬೇರೆ. ನಮ್ಮ ಅಜ್ಜ ಗೋಡೆ ಕಟ್ಟುವ ಮೊದಲು ಒದ್ದೆ ಮಣ್ಣಿನ ಉಂಡೆ ಮಾಡಿ ಎದೆಮಟ್ಟದಿಂದ ಬೀಳಿಸುತ್ತಿದ್ದರು. ನಾಲ್ಕೈದು ಹೆಂಟೆಯಾಗಿ ಒಡೆದರೆ ಹದ ಸರಿ. ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ. ಗೈಡ್ ಕಳಿಸಿದ ಪಟ್ಟಿಯಲ್ಲಿ ಮೊದಲ ಪರೀಕ್ಷೆಯೇ ಇದು! ಓದಿ ಕಣ್ಣು ತುಂಬಿತು. ಗ್ರೆನೋಬಲ್ ಸುತ್ತಲೂ ಮಣ್ಣು ದಮ್ಮಸು ಮಾಡಿ ಕಟ್ಟಿದ ಹಳೇ ಮನೆಗಳು ಇನ್ನೂ ಇವೆಯಂತೆ.

ಎರೆಮಣ್ಣಿನವರು ಗಮನಿಸಿ, ಅದು ನೀರಿಗೆ ಉಬ್ಬುತ್ತದೆ. ಇಟ್ಟಿಗೆ ಗಟ್ಟಿಯಾಗಲಿ ಅಂತ ಬೆರೆಸುವುದಾದರೆ ಅದಕ್ಕೆ ಸಿಮೆಂಟಿಗಿಂತ ಸುಣ್ಣವೇ ಚೆನ್ನಾಗಿ ಹೊಂದುತ್ತದೆ.