ಚೈನ್ ಬಿಗಿ ಮಾಡಿದ ಮೇಲೆ ಹಿಂಚಕ್ರ ಓರೆಯಾಗಿ ಕಾಣುತ್ತಿದೆ

ಪ್ರಶ್ನೆ:
ಜೋಲುತ್ತಿದ್ದ ಬೈಕಿನ ಚೈನನ್ನು ಮೊದಲ ಬಾರಿಗೆ ಮನೆಯಲ್ಲೇ ಬಿಗಿ ಮಾಡಿದೆ. ಹಿಂಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮ್‌ನ ಎರಡೂ ಬದಿಯಲ್ಲಿ ಅಡ್ಜಸ್ಟರ್ (ಚಕ್ರವನ್ನು ಹಿಂದೆ ಮುಂದೆ ಸರಿಸುವ ತಿರುಪು) ಮೂರನೆಯ ಗೀರಿಗೇ ನಿಂತಿದ್ದರೂ, ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ ಚೈನ್ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಗಾಲಿಯ) ಒಂದು ಮಗ್ಗುಲಿಗೆ ಒತ್ತಿಕೊಂಡು ಓಡುತ್ತಿರುವುದು ಕಾಣುತ್ತದೆ. ಆಕ್ಸಲ್ (ಚಕ್ರದ ಅಚ್ಚು) ನಟ್ ಬಿಗಿಯುವ ಮೊದಲು 30 ಮಿ.ಮೀ. ಇದ್ದ ಆಟ (ಚೈನ್ ಮೇಲೆ ಕೆಳಗೆ ಅಲುಗುವ ಅಳತೆ) ಬಿಗಿದ ಮೇಲೆ 20ಕ್ಕೆ ಇಳಿಯುತ್ತದೆ; ಚಕ್ರವನ್ನು ಸ್ವಲ್ಪ ತಿರುಗಿಸಿದರೆ ಅದೂ ಉಳಿಯುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1:
ಆ ಗೀರುಗಳನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಅನೇಕ ಬೈಕುಗಳಲ್ಲಿ ಅವು ಎರಡೂ ಬದಿಯಲ್ಲಿ ಕರಾರುವಾಕ್ಕಾಗಿ ಹೊಂದುವುದಿಲ್ಲ. ಸ್ವಿಂಗ್ ಆರ್ಮ್ ತಿರುಗುವ ಬೋಲ್ಟಿನ ನಡುವಿನಿಂದ ಆಕ್ಸಲ್ಲಿನ ನಡುವಿಗೆ ಇರುವ ಅಂತರವನ್ನು ಎಡಬಲ ಎರಡರಲ್ಲೂ ಅಳೆದು, ಅವು ಸಮವಾಗುವಂತೆ ಅಡ್ಜಸ್ಟರನ್ನು ಕಾಲು ಕಾಲು ಸುತ್ತಿನಂತೆ ತಿರುಗಿಸಿ. ಆಟವನ್ನು ಕೆಳಗಿನ ಚೈನಿನ ನಟ್ಟನಡುವೆ, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಹಲವು ಕಡೆ ಅಳೆದು, ಎಲ್ಲಿ ಅತ್ಯಂತ ಬಿಗಿಯಾಗಿದೆಯೋ ಅಲ್ಲಿ ಕೈಪಿಡಿಯಲ್ಲಿ ಹೇಳಿದಷ್ಟು ಆಟವಿರುವಂತೆ ಹೊಂದಿಸಬೇಕು. ಎಂಜಿನ್ ಚಾಲೂ ಮಾಡಿ ಗೇರಿನಲ್ಲಿ ಚಕ್ರ ತಿರುಗಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕಿದ ಬೆರಳು ಉಳಿಯುವುದಿಲ್ಲ.

ಉತ್ತರ 2:
ನಟ್ ಬಿಗಿಯುವಾಗ ಆಟ ಕಡಿಮೆಯಾಗುವುದೆಂದರೆ ಆಕ್ಸಲ್ ಹಿಂದಕ್ಕೆ ಜರುಗುತ್ತಿದೆ ಎಂದರ್ಥ. ಹಿಂದಿನ ಸ್ಪ್ರಾಕೆಟ್ಟಿನ ಕೆಳಭಾಗದಲ್ಲಿ ಹಲ್ಲಿಗೂ ಚೈನಿಗೂ ನಡುವೆ ಮಡಿಸಿದ ಬಟ್ಟೆಯನ್ನಿಟ್ಟು ಚಕ್ರವನ್ನು ಮುಮ್ಮುಖವಾಗಿ ತಿರುಗಿಸಿದರೆ ಚೈನೇ ಆಕ್ಸಲ್ಲನ್ನು ಮುಂದಕ್ಕೆಳೆದು ಅಡ್ಜಸ್ಟರಿಗೆ ಅದುಮಿ ಹಿಡಿಯುತ್ತದೆ, ಆಗ ನಟ್ಟನ್ನು ನಿಗದಿತ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿಯಿರಿ. ಅನಂತರ ಬಟ್ಟೆ ತೆಗೆದು ಮತ್ತೊಮ್ಮೆ ಅಳೆಯಲೇಬೇಕು. ಹಿಂದೆ ಡ್ರಮ್ ಬ್ರೇಕ್ ಇದ್ದರೆ, ಚಕ್ರ ಹಿಂದಕ್ಕೆ ಹೋದಷ್ಟೂ ಬ್ರೇಕ್ ರಾಡ್ ಬಿಗಿಯಾಗುವುದರಿಂದ ಪೆಡಲಿನ ಆಟವನ್ನೂ ಸರಿಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಅಳೆದಾಗ ಬಲಗಡೆ 3 ಮಿ.ಮೀ. ಹೆಚ್ಚಿತ್ತು. ಅದನ್ನು ಸರಿಪಡಿಸಿದ ಮೇಲೆ ಚೈನ್ ಹಲ್ಲಿನ ನಡುವೆಯೇ ಓಡುತ್ತಿದೆ, ಬಟ್ಟೆಯ ಉಪಾಯದಿಂದ ಆಟವೂ ನಿಂತಲ್ಲೇ ನಿಂತಿತು. ಆದರೆ ಬಿಗಿಯಾದ ಜಾಗದಲ್ಲಿ 25 ಮಿ.ಮೀ. ಇಟ್ಟರೆ ಸಡಿಲವಾದ ಜಾಗದಲ್ಲಿ 45 ಆಗುತ್ತದೆ.

ಉತ್ತರ 1:
ಅಷ್ಟು ವ್ಯತ್ಯಾಸವನ್ನು ಅಡ್ಜಸ್ಟರಿನಿಂದ ನೀಗಿಸಲಾಗದು. ಲಿಂಕುಗಳು ತುಕ್ಕಿನಿಂದ ಸೆಟೆದುಕೊಂಡಿದ್ದರೆ ಸೀಮೆಎಣ್ಣೆಯಿಂದ ತೊಳೆದು ಚೈನ್ ಎಣ್ಣೆ ಹಾಕಿ ನೋಡಬಹುದು. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಎಳೆದಾಗ ಅರ್ಧ ಹಲ್ಲಿನಷ್ಟು ಹೊರಕ್ಕೆ ಬಂದರೆ ಅದು ಸವೆದು ಉದ್ದವಾಗಿದೆ; ಚೈನನ್ನೂ ಎರಡೂ ಸ್ಪ್ರಾಕೆಟ್ಟುಗಳನ್ನೂ ಒಟ್ಟಿಗೇ ಬದಲಿಸಿ, ಏಕೆಂದರೆ ಸವೆದ ಹಲ್ಲುಗಳು ಹೊಸ ಚೈನನ್ನು ಬೇಗನೆ ತಿಂದುಹಾಕುತ್ತವೆ.